ನಮಗಿಬ್ಬರೇ ಸಾಕು

೧೯೯೫ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೆಯ ಇಯತ್ತೆ ಅರ್ಧಕ್ಕೆ ನಿಂತಿತು. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಒಲೆ ಕಾಯುವ ಕೆಲಸಕ್ಕೆ ಸೇರಿದೆ. ಆಮೇಲೆ ಪಲ್ಯ, ಆಮೇಲೆ ಸಾರು, ಆಮೇಲೆ ಇಡೀ ಅಡುಗೆಮನೆ. ಅಲ್ಲಿಂದ ಬೆಂಗಳೂರು, ದುಬೈ, ಕೊನೆಗೆ ಲಂಡನ್. ಇಷ್ಟು ದೂರ ಬಂದದ್ದು ನನ್ನ ಕೈಗುಣದ ಮೇಲೆ. ಯಾರ ಶಿಫಾರಸೂ ಇರಲಿಲ್ಲ, ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಕೈ ಒಡ್ಡಿ ನಿಂತ ಮಾತು.

ನಮ್ಮ ಮನೆಯಲ್ಲಿ ಅಪ್ಪನದೊಂದು ಕಥೆ ಇತ್ತು. ನಾನು ಹುಟ್ಟುವ ಮೊದಲು ಗಂಡಸರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಲು ನಮ್ಮೂರಿಗೆ ಜೀಪು ಬರುತ್ತಿತ್ತಂತೆ. ಜೀಪಿನ ಸದ್ದು ಕೇಳಿದ್ದೇ ಊರ ಗಂಡಸರೆಲ್ಲ ಜೋಳದ ಹೊಲಕ್ಕೆ ನುಗ್ಗುತ್ತಿದ್ದರು. ಒಂದು ಸಲ ಅಪ್ಪನ ಧೋತರ ಜಾಲಿಯ ಬೇಲಿಗೆ ಸಿಕ್ಕಿಕೊಂಡು, ಅದನ್ನು ಅಲ್ಲೇ ಬಿಟ್ಟು ಓಡಿದನಂತೆ. ‘ನಿಮ್ಮಪ್ಪ ಧೋತರ ಬಿಟ್ಟು ಓಡಿದ್ದಕ್ಕ ನೀ ಹುಟ್ಟೀದಿ ನೋಡು’ ಎಂದು ಅವ್ವ ನನ್ನನ್ನು ಕಾಡುತ್ತಿದ್ದಳು. ನಮ್ಮ ಶಾಲೆಯ ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು, ಅದರ ಕೆಳಗೆ ‘ನಾವಿಬ್ಬರು, ನಮಗಿಬ್ಬರು’ ಎಂದು ಬರೆದಿದ್ದರು. ಹೀಗಾಗಿ, ಮಕ್ಕಳು ಬೇಡ ಎನ್ನುವುದು ಸರ್ಕಾರವೇ ಬಾಗಿಲಿಗೆ ಬಂದು ಬೇಡಿಕೊಳ್ಳುವ ಸಂಗತಿ ಎಂದೇ ನಾನು ತಿಳಿದಿದ್ದೆ. ನಾವು ಹೋಗಿ ಬೇಡಬೇಕಾದ ಕಾಲ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಲಂಡನ್ನಿನಲ್ಲಿ ಮೊದಲ ಕೆಲಸ ಕೊಲಿಂಡೇಲಿನ ಒಂದು ಹೋಟೆಲಿನಲ್ಲಿ. ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದು ಅಲ್ಲಿನ ಬಾಡಿಗೆ ಕೋಣೆಗೇ. ಅಲ್ಲಿ ನಮ್ಮ ಪಾಲಿಗೆ ಬಂದ ಜಿಪಿ, ಅಂದರೆ ಇಲ್ಲಿ ಯಾವ ಕಾಯಿಲೆಗೂ ಮೊದಲು ಹೋಗಬೇಕಾದ ಡಾಕ್ಟರು, ಧಾರವಾಡದ ಹೆಣ್ಣುಮಗಳು. ಮೊದಲ ದಿನವೇ ನಮ್ಮ ಹೆಸರು ಓದಿ, ಕನ್ನಡಕ ಕೆಳಗೆ ಜಾರಿಸಿ, ‘ಯಾವ ಕಡೆಯವರ್ರಿ?’ ಎಂದು ಕೇಳಿದರು. ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು. ಈ ದೇಶಕ್ಕೆ ಬಂದಮೇಲೆ ನನ್ನನ್ನು ಬಿಟ್ಟರೆ ಅವಳ ಕೂಡ ಕನ್ನಡ ಮಾತಾಡಿದವರು ಅವರೊಬ್ಬರೇ.

ಮಗಳು ಹುಟ್ಟಿದಳು. ನನಗೆ ವಿಮಾನಗಳಿಗೆ ಊಟ ಕಳಿಸುವ ಒಂದು ಕಂಪನಿಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ, ಮನೆ ಹೌನ್ಸ್ಲೋಗೆ ಬದಲಾಯಿತು. ಡಾಕ್ಟರನ್ನು ಮಾತ್ರ ಬದಲಾಯಿಸಲಿಲ್ಲ. ಬೇರೆ ಏರಿಯಾಕ್ಕೆ ಹೋದವರನ್ನು ಅವರ ದವಾಖಾನೆ ತನ್ನ ಯಾದಿಯಿಂದ ತೆಗೆಯುತ್ತದೆ ಎಂದು ಕೇಳಿದ್ದೆವು. ಅದಕ್ಕೆ ಅಲ್ಲಿ ಕೊಲಿಂಡೇಲಿನ ಹಳೆಯ ವಿಳಾಸವೇ ಇರಲಿ ಎಂದು ಸುಮ್ಮನಿದ್ದೆವು. ನೆಲದಡಿಯ ಟ್ಯೂಬು ರೈಲು ಎರಡು ಬದಲಿಸಿ, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಅಷ್ಟು ದೂರ ಹೋಗುತ್ತಿದ್ದೆವು. ಅದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ‘ಕಿಬ್ಬೊಟ್ಯಾಗ ಸೆಳದಂಗ ಆಗತೈತಿ’ ಎಂಬುದನ್ನು ಅವಳು ಇಂಗ್ಲಿಷಿನಲ್ಲಿ ಯಾರಿಗೆ ಹೇಳಬೇಕಿತ್ತು?

ಮಗ ಹುಟ್ಟುವಾಗ ಅವಳ ಬಿಪಿ ಏರಿತು. ಹೆರಿಗೆಯ ಮೇಜಿನ ಮೇಲೆಯೇ ಫಿಟ್ಸ್ ಬಂತು. ನನ್ನನ್ನು ಹೊರಗೆ ತಳ್ಳಿದರು. ಮಗು ಅಳುವುದು ಕೇಳಿಸಿತು, ತಾಯಿಯದು ಏನೂ ಕೇಳಿಸಲಿಲ್ಲ. ಅವಳು ಕಣ್ಣು ಬಿಟ್ಟ ಮೇಲೆ ಆಸ್ಪತ್ರೆಯ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಇನ್ನೊಂದು ಬಸಿರು ಬೇಡವೇ ಬೇಡ, ಈ ಸಲ ಉಳಿದಿದ್ದಾಳೆ, ಮುಂದಿನ ಸಲಕ್ಕೆ ನಾವು ಹೊಣೆ ಹೊರಲಾರೆವು.

ನಮಗೇನು, ಇಬ್ಬರೇ ಸಾಕಾಗಿತ್ತು. ಅದನ್ನು ನಿಲ್ಲಿಸುವ ದಾರಿಯಷ್ಟೇ ಬೇಕಾಗಿತ್ತು.

ಕೊಲಿಂಡೇಲಿನ ಡಾಕ್ಟರ್ ಮೇಡಂ ಗುಳಿಗೆ ಬರೆದುಕೊಟ್ಟರು. ‘ಎಲ್ಲಾರೂ ತಗೊಳ್ಳೋ ಗುಳಿಗಿ ನಿನಗ ನಡ್ಯಂಗಿಲ್ಲವ್ವ, ಬಿಪಿ ಅದ. ಇದು ಬ್ಯಾರೆ. ದಿನಾ ಒಂದ ಹೊತ್ತಿಗೆ ತಗೋ’ ಎಂದರು. ಆ ಗುಳಿಗೆಯಿಂದ ಅವಳಿಗೆ ಮುಟ್ಟು ಲೆಕ್ಕ ತಪ್ಪಿತು. ಎರಡು ದಿನ ನಿಲ್ಲುವುದು, ಮತ್ತೆ ಕಾಣಿಸಿಕೊಳ್ಳುವುದು. ನಮ್ಮ ಮನೆಯಲ್ಲಿ ಮುಟ್ಟಾದಾಗ ಹೆಂಗಸರು ದೇವರ ದೀಪ ಮುಟ್ಟುವುದಿಲ್ಲ. ಫ್ರಿಡ್ಜಿನ ಪಕ್ಕದ ಗೋಡೆಗೆ ಹಲಗೆ ಹೊಡೆದು ದೇವರನ್ನು ಕೂರಿಸಿದ್ದೇವೆ. ಅವಳ ತವರಿನ ಹಿತ್ತಾಳೆ ದೀಪ ಅಲ್ಲಿದೆ. ಸಂಜೆ ಅದನ್ನು ಹಚ್ಚಿದ ಮೇಲೆಯೇ ಅವಳು ಮನೆಯ ವಿದ್ಯುತ್ ದೀಪ ಹಾಕುವವಳು. ವಾರಗಟ್ಟಲೆ ಅದು ಹತ್ತಲಿಲ್ಲ.

‘ಯಾರು ನೋಡ್ತಾರ ಇಲ್ಲಿ? ಹಚ್ಚಿಬಿಡು’ ಎಂದೆ.

‘ನೋಡೋರ ಸಲುವಾಗಿ ಹಚ್ಚತಿದ್ದೆನೇನ್ರಿ ನಾ?’

‘ಹಂಗಾರ ನಾ ಹಚ್ಚತೀನಿ ತಡಿ.’

‘ಹಚ್ರಿ. ನಾ ಏನ್ ಬ್ಯಾಡ ಅಂದೆ? ಉಳ್ಳಾಗಡ್ಡಿ ಕೈ ತೊಳಕೊಂಡು ಹಚ್ರಿ’ ಎಂದಳು. ನಾನು ನಾಲ್ಕು ದಿನ ಹಚ್ಚಿದೆ. ಐದನೆಯ ದಿನ ಪಾಳಿ ಬದಲಾಯಿತು, ಸಂಜೆ ಮನೆಯಲ್ಲಿರಲಿಲ್ಲ. ಅವಳು ಗುಳಿಗೆ ಬಿಟ್ಟಳು. ಇಂಜೆಕ್ಷನ್, ಗರ್ಭಕೋಶದೊಳಗೆ ಇಡುವ ತಂತಿ ಎಲ್ಲವನ್ನೂ ಮೇಡಂ ವಿವರಿಸಿದರು. ಅವಳು ಕೇಳಿದ್ದು ಒಂದೇ: ‘ಅದಕ್ಕೂ ಹಿಂಗ ಕಾಣಿಸಿಕೊಳ್ಳತದೇನ್ರಿ?’ ಆಗಬಹುದು ಎಂದರು. ಅಲ್ಲಿಗೆ ಮುಗಿಯಿತು. ಹೆಂಗಸರ ಆಪರೇಷನ್ನಿಗೆ ಅವಳನ್ನು ಮತ್ತೆ ಮೇಜಿನ ಮೇಲೆ ಮಲಗಿಸಲು ನನಗೆ ಮನಸ್ಸಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಹೇಳಿದೆ: ‘ನಾನ ಮಾಡಿಸ್ಕೋತೀನಿ ಬಿಡು ಆಪರೇಷನ್.’ ಅವಳು ನನ್ನ ಮುಖ ನೋಡಿ, ‘ಮಾವಾರು ಧೋತರ ಬಿಟ್ಟು ಓಡಿದ್ರು’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು.

ನನಗೆ ಧೈರ್ಯವಿತ್ತು, ಏಕೆಂದರೆ ನನ್ನ ಬಳಿ ಕಾರ್ಡು ಇತ್ತು. ಸೂಪರ್‌ವೈಸರ್ ಮಾಡಿದಾಗ ಕಂಪನಿ ಪ್ರೈವೇಟ್ ಇನ್ಶೂರೆನ್ಸ್ ಕೊಟ್ಟಿತ್ತು. ಇಲ್ಲಿ ಸರ್ಕಾರದ ವೈದ್ಯ ಪುಕ್ಕಟೆ, ಆದರೆ ಸರದಿ ಉದ್ದ. ಕಾರ್ಡು ಇದ್ದವನು ಸರದಿಯಲ್ಲಿ ನಿಲ್ಲಬೇಕಿಲ್ಲ ಎಂದು ನಾನು ನಂಬಿದ್ದೆ. ನಂಬದೆ ಏನು? ಅಡುಗೆಮನೆಯಲ್ಲಿ ನನಗಿಂತ ಹೆಚ್ಚು ಓದಿದವರಿಗೂ ಆ ಕಾರ್ಡು ಇರಲಿಲ್ಲ. ಅದು ನನ್ನ ದುಡಿಮೆಗೆ ಸಿಕ್ಕದ್ದು. ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು, ಊಟದ ಬಿಡುವಿನಲ್ಲಿ, ತಣ್ಣನೆಯ ಸಾಮಾನಿನ ಕೋಣೆಯ ಹಿಂದೆ ನಿಂತು ಫೋನ್ ಮಾಡಿದೆ. ಕಾಯಿಸುತ್ತ ಬಹಳ ಹೊತ್ತು ಪಿಟೀಲು ಬಾರಿಸಿದರು. ಕೊನೆಗೊಬ್ಬಳು ಹುಡುಗಿ ಬಂದಳು. ದನಿ ಒಳ್ಳೆಯದಿತ್ತು.

‘ನಿಮ್ಮ ಕಾಯಿಲೆ ಯಾವುದು, ಸರ್?’

‘ಕಾಯಿಲೆ ಇಲ್ಲ. ಇನ್ನು ಮಕ್ಕಳು ಬೇಡ. ಅದರ ಆಪರೇಷನ್.’

‘ಕಾಯಿಲೆ ಇಲ್ಲದಿದ್ದರೆ ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ, ಸರ್. ಗರ್ಭ ತಡೆಯುವುದು ನಿಮ್ಮ ಆಯ್ಕೆ, ಚಿಕಿತ್ಸೆಯಲ್ಲ.’

‘ಗರ್ಭ ನಿಂತರೆ ನನ್ನ ಹೆಂಡತಿ ಸಾಯಬಹುದು.’

‘ಕ್ಷಮಿಸಿ, ನಿಮ್ಮ ಹೆಂಡತಿಯೂ ಈ ಪಾಲಿಸಿಯಲ್ಲಿ ಇದ್ದಾರೆಯೇ?’

‘ಇಲ್ಲ.’

‘ಇದ್ದರೂ ಬಸಿರು ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ, ಸರ್. ಇನ್ನೇನಾದರೂ ಸಹಾಯ ಬೇಕೇ?’

ನಾನು ಥ್ಯಾಂಕ್ಯೂ ಎಂದೆ. ಬೇರೆ ಏನು ಅನ್ನಬೇಕೋ ಬಾಯಿಪಾಠ ಮಾಡಿರಲಿಲ್ಲ.

ನನ್ನ ಮುಖ ನೋಡಿ ಪಾತ್ರೆ ತೊಳೆಯುವ ವಿಭಾಗದ ಕೋಲಾರದವನು ಕೆದಕಿ ಕೆದಕಿ ವಿಷಯ ಹೊರಗೆ ತೆಗೆದ. ‘ಏನಣ್ಣಾ, ಗಂಡಸ್ರು ಮಾಡಿಸ್ಕೊಳ್ಳೋದಾ ಅದು? ಆಮೇಲೆ ಆ ಸಾಂಬಾರ್ ಡಬರಿ ಎತ್ತಕ್ಕಾಗತ್ತಾ ನಿನ್ ಕೈಲಿ?’ ಎಂದ.

‘ನೀ ಏನೂ ಮಾಡಿಸ್ಕೊಂಡಿಲ್ಲಲ್ಲ, ಮತ್ತ್ಯಾಕ ಎತ್ತಂಗಿಲ್ಲ?’ ಎಂದೆ. ಅವನು ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ.

ಹಣ ಕೊಟ್ಟು ಮಾಡಿಸುವ ಕ್ಲಿನಿಕ್ಕುಗಳಿವೆ. ಆ ವರ್ಷ ವೀಸಾ ನವೀಕರಣವಿತ್ತು, ಮನೆಮಂದಿಗೆಲ್ಲ ಸೇರಿ; ಉಳಿಸಿದ್ದೆಲ್ಲ ಅದರ ಫೀಗೇ ಹೋಗಿತ್ತು. ಅಷ್ಟು ಹೇಳಿದರೆ ಇಲ್ಲಿರುವವರಿಗೆ ಸಾಕು.

ಹಾಗಾಗಿ ಮತ್ತೆ ಕೊಲಿಂಡೇಲ್. ‘ನಾ ಬರದ್ ಕಳಸ್ತೀನಿ, ಕ್ಲಿನಿಕ್ಕಿನವರ ಫೋನ್ ಮಾಡ್ತಾರ. ಚಲೋ ಮನಸ್ ಮಾಡೀರಿ’ ಎಂದರು ಮೇಡಂ. ಹೊಗಳಿಕೆ ಕೇಳಿ ನಾನು ಎದೆ ಉಬ್ಬಿಸಿಕೊಂಡೇ ಬಂದೆ. ಚಳಿಗಾಲ ಕಳೆಯಿತು. ಫೋನು ಬಂದದ್ದು ಮರಗಳಲ್ಲಿ ಎಲೆ ಬಂದ ಮೇಲೆ. ತಾರೀಖು ಕೊಡುವ ಮೊದಲು ಗುರುತಿಗಾಗಿ ವಿಳಾಸ ಕೇಳಿದರು. ನಾನಿರುವ ಮನೆಯ ವಿಳಾಸ ಹೇಳಿದೆ.

‘ನಮ್ಮಲ್ಲಿ ಬೇರೆ ವಿಳಾಸವಿದೆಯಲ್ಲ?’

‘ಅದು ಹಳೆಯದು.’

ಅಷ್ಟೇ. ಆ ಕ್ಲಿನಿಕ್ಕಿಗೆ ಸರ್ಕಾರ ಹಣ ಕೊಡುವುದು ಆ ಭಾಗದವರ ಸಲುವಾಗಿ ಮಾತ್ರವಂತೆ; ಹೌನ್ಸ್ಲೋದವರು ಹೌನ್ಸ್ಲೋದ ಜಿಪಿಯ ಕಡೆಯಿಂದಲೇ ಬರಬೇಕಂತೆ. ಮೇಡಂ ಬರೆದದ್ದು ರದ್ದು. ಅವರ ದವಾಖಾನೆಯ ಯಾದಿಯಿಂದಲೂ ನಮ್ಮ ನಾಲ್ವರ ಹೆಸರು ಹೋಯಿತು.

‘ಹಳೇದ ಹೇಳಬಾರದಿತ್ತೇನ್ರಿ?’ ಎಂದಳು ಹೆಂಡತಿ.

‘ಎದುರಿಗೆ ನಿಂತು ಕೇಳಿದ್ರ ಸುಳ್ಳ ಹೇಳ್ಲಾ?’

‘ಎದುರಿಗೆಲ್ಲಿ ನಿಂತಿದ್ರು? ಫೋನಿನ್ಯಾಗ ಕೇಳಿದ್ದು’ ಎಂದು ಒಳಗೆ ಹೋದಳು.

ಹೌನ್ಸ್ಲೋದ ಹೊಸ ದವಾಖಾನೆಯಲ್ಲಿ ಪ್ರತಿ ಸಲವೂ ಬೇರೆ ಡಾಕ್ಟರು. ಅವಳು ಬಾಯಿ ಬಿಡುತ್ತಿರಲಿಲ್ಲ. ನಾನು ಹೇಳಿದೆ, ಮತ್ತೊಬ್ಬರಿಗೆ ಮತ್ತೆ ಹೇಳಿದೆ. ಇಬ್ಬರೂ ಕೂತು ಚೆನ್ನಾಗಿ ಯೋಚಿಸಿ, ಆಮೇಲೆ ಪಶ್ಚಾತ್ತಾಪ ಪಡಬಾರದು ಎಂದು ಒಬ್ಬರು ಹೇಳಿ ಕಳಿಸಿದರು. ಯೋಚಿಸಿ ಬಂದೆವು. ಅಷ್ಟರಲ್ಲಿ ಈ ಭಾಗದಲ್ಲಿ ಆ ಆಪರೇಷನ್ ಮಾಡುತ್ತಿದ್ದವರ ಗುತ್ತಿಗೆ ಮುಗಿದಿತ್ತು. ಹೊಸಬರು ಬರುವವರೆಗೆ ಯಾದಿಯಲ್ಲಿ ಹೆಸರು ಇರುತ್ತದೆ ಎಂದರು. ಅಲ್ಲಿಯವರೆಗೆ ಕಾಂಡೋಮ್ ಬಳಸಿ ಎಂದರು. ಬಳಸುತ್ತಲೇ ಇದ್ದೆವು. ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ. ನಾನು ಅಂಗಡಿಯಲ್ಲಿ ಕೊಂಡೇ ತಂದೆ. ಅದರಲ್ಲಿ ಯಾವುದು ಯಾವಾಗ ಕೈಕೊಟ್ಟಿತೋ ನಮಗೆ ತಿಳಿಯಲೇ ಇಲ್ಲ.

ಅವತ್ತು ಸಂಜೆ ನಾನು ಊಟ ಮಾಡುತ್ತಿದ್ದೆ. ಮಗಳು ಹೋಂವರ್ಕ್ ಮಾಡುತ್ತಿದ್ದಳು, ಮಗ ಅವಳ ಪೆನ್ಸಿಲ್ ಕಸಿಯುತ್ತಿದ್ದ. ದೇವರ ಹಲಗೆಯ ಮೇಲೆ ದೀಪ ಉರಿಯುತ್ತಿತ್ತು. ಹೆಂಡತಿ ರೊಟ್ಟಿ ಹಾಕಿ, ತಟ್ಟೆಯ ಮುಂದೆಯೇ ನಿಂತಳು.

‘ರೀ, ಈ ತಿಂಗಳ ದೀಪ ನಿಂತಿಲ್ಲ.’

ಚಲೋ ಆತಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ತಿಳಿಯಿತು. ಮುಟ್ಟಾಗಿದ್ದರೆ ನಡುವೆ ನಾಲ್ಕು ದಿನ ಅವಳು ದೀಪ ಬಿಡಬೇಕಿತ್ತು. ಒಂದು ದಿನವೂ ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದಾಗಲೇ ಬಿಪಿ ಏರಿತ್ತು. ಮುಂದುವರಿಸಿದರೆ ಏನಾಗಬಹುದು ಎಂದು ಫೋನಿನ ಮೇಲೆ ಕನ್ನಡದ ದುಭಾಷಿಯನ್ನು ಇಟ್ಟುಕೊಂಡು ಹೇಳಿದರು. ಯಾವುದೋ ಊರಿನಲ್ಲಿ ಕೂತ ಆ ಹೆಂಗಸು, ಒಂದೊಂದು ಮಾತಿಗೂ ‘ಅಮ್ಮಾ’ ಸೇರಿಸಿ, ಸಾವು ಎಂಬ ಶಬ್ದವನ್ನು ಎಲ್ಲಿಯೂ ಬಳಸದೆ ಎಲ್ಲವನ್ನೂ ತಿಳಿಸಿದಳು. ಹೆಂಡತಿ ಕೈಚೀಲವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ‘ಇಬ್ಬರು ಅದಾರ ಮನ್ಯಾಗ. ಅವರಿಗೆ ನಾ ಬೇಕು. ತಗದಬಿಡ್ರಿ ಅಂತ ಹೇಳ್ರಿ’ ಎಂದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಅದನ್ನು ತೆಗೆಸಲು ಆ ವಾರದಲ್ಲೇ ಸಮಯ ಸಿಕ್ಕಿತು. ಯಾರೂ ಕಾಯಿಸಲಿಲ್ಲ. ನರ್ಸ್ ಒಳ್ಳೆಯವಳು, ಹೆಂಡತಿಯ ಭುಜದ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ವಾಪಸು ಬರುವಾಗ ಬಸ್ಸಿನ ಮೇಲಂತಸ್ತಿಗೆ ಹತ್ತಲಾರದೆ ಕೆಳಗೇ ಕೂತೆವು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಕೇಳಿದಳು:

‘ಇದಕ್ಕ ಯಾವ ಏರಿಯಾ ಅಂತ ಕೇಳಲೇ ಇಲ್ಲಲ್ರೀ ಯಾರೂ?’

ಅವ್ವನಿಗೆ ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಲಿಲ್ಲ.

ಆಮೇಲೆ ಹಲವು ದಿನ ರಕ್ತ ಹೋಗುತ್ತಿತ್ತು, ದೀಪ ಹತ್ತಲಿಲ್ಲ. ರಕ್ತ ನಿಂತಿತು. ಅವಳು ತಲೆಗೆ ನೀರು ಹಾಕಿಕೊಂಡಳು. ಸಂಜೆಯಾದಾಗ ನೇರವಾಗಿ ಹೋಗಿ ವಿದ್ಯುತ್ ದೀಪದ ಗುಂಡಿ ಒತ್ತಿದಳು. ಮಗಳು ಹಲಗೆಯ ಕಡೆ ನೋಡಿ, ‘ಅಮ್ಮಾ, ವೈ ಆರ್ ವಿ ನಾಟ್ ಲೈಟಿಂಗ್ ಇಟ್?’ ಎಂದಳು. ‘ನೀ ಬರಿ, ಬರಿಯೋದು ಮುಗಸು’ ಎಂದಳು ಇವಳು. ನಾನು ಕೈ ತೊಳೆದುಕೊಂಡು ಹೋಗಿ ಹಚ್ಚಬಹುದಿತ್ತು. ಅವಳ ಬೆನ್ನು ನೋಡಿ ಧೈರ್ಯವಾಗಲಿಲ್ಲ.

ಮಗನನ್ನು ಅಕ್ಕನ ಹಾಸಿಗೆಯಿಂದ ಎತ್ತಿ ತಂದು ಈಗ ಅವಳು ನಮ್ಮಿಬ್ಬರ ನಡುವೆ ಮಲಗಿಸುತ್ತಾಳೆ. ಅವನು ನಿದ್ದೆಯಲ್ಲಿ ಒದೆಯುತ್ತಾನೆ. ನಾನು ಗೋಡೆಯ ಕಡೆ ಸರಿಯುತ್ತೇನೆ, ಅವಳು ಆ ಕಡೆ. ಅದರ ಬಗ್ಗೆ ನಾವು ಮಾತಾಡಿಲ್ಲ. ಈ ಉಪಾಯ ಪುಕ್ಕಟೆಯೂ ಹೌದು, ಕೈಕೊಡುವುದೂ ಇಲ್ಲ. ದವಾಖಾನೆಯಿಂದ ಆಗೊಮ್ಮೆ ಈಗೊಮ್ಮೆ ಫೋನಿಗೆ ಸಂದೇಶ ಬರುತ್ತದೆ: ನೀವು ಇನ್ನೂ ಯಾದಿಯಲ್ಲಿ ಇರಬಯಸಿದರೆ ಹೌದು ಎಂದು ಉತ್ತರಿಸಿ. ನಾನು ಹೌದು ಎಂದು ಒತ್ತುತ್ತೇನೆ. ಕೆಲಸಕ್ಕೆ ಒಂದು ದಿನವೂ ತಪ್ಪಿಸಿಲ್ಲ. ಡಬರಿಗಳನ್ನು ಈಗಲೂ ನಾನೇ ಎತ್ತುತ್ತೇನೆ.

ಇವತ್ತು ನನ್ನ ಬಳಿ ಇರುವುದು ಇಷ್ಟು: ಬದುಕಿರುವ ಹೆಂಡತಿ ಒಬ್ಬಳು, ಮಕ್ಕಳಿಬ್ಬರು, ಯಾದಿಯಲ್ಲಿ ಒಂದು ಜಾಗ, ಜೇಬಿನಲ್ಲಿ ಒಂದು ಕಾರ್ಡು, ಎಣ್ಣೆ ಹಾಕದ ಒಂದು ಹಿತ್ತಾಳೆ ದೀಪ.