ಟಿಂಗಿಗೂ ಟಾಂಗಿಗೂ ನಡುವೆ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಕರೆಗಂಟೆ ಮಾಡುವ ಕಾರ್ಖಾನೆಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬಳು ಬೆರಳಗಲದ ಉಕ್ಕಿನ ಪಟ್ಟಿಗೆ ಅರ ಉಜ್ಜುತ್ತಾಳೆ, ಬಡಿಯುತ್ತಾಳೆ, ಮುಖ ಹುಳ್ಳಗೆ ಮಾಡುತ್ತಾಳೆ. ಟಿಂಗ್. ಟಾಂಗ್. ಮತ್ತೆ ಉಜ್ಜುತ್ತಾಳೆ. ಜೊತೆಯವರಿಗೆ ಇವಳು ಕಿವಿಯಮ್ಮ. ಇರುವೆ ಆಕಳಿಸಿದರೂ ಯಾವ ಸ್ವರದಲ್ಲಿ ಆಕಳಿಸಿತು ಅಂತ ಹೇಳುವ ಕಿವಿ ಅದು!

ಪ್ರತಿ ಕರೆಗಂಟೆಯೊಳಗೆ ಇಂಥ ಎರಡು ಪಟ್ಟಿ. ಗುಂಡಿ ಒತ್ತಿದರೆ ಒಂದು ದನಿ, ಬಿಟ್ಟರೆ ಇನ್ನೊಂದು. "ತುದಿ ಉಜ್ಜಿದ್ರೆ ಸ್ವರ ಮೇಲಕ್ಕೆ ಹೋಗತ್ತೆ, ನಡು ಉಜ್ಜಿದ್ರೆ ಕೆಳಕ್ಕಿಳಿಯತ್ತೆ. ಇಷ್ಟೇ ವಿದ್ಯೆ," ಅನ್ನುತ್ತಾಳೆ ಕಿವಿಯಮ್ಮ. "ಆದ್ರೆ ಎರಡರ ಮಧ್ಯ ಅಂತರ ಸರಿಯಿರ್ಬೇಕು. ತೀರಾ ಹತ್ರ ಆದ್ರೆ ಜಗಳ ಆಡ್ತವೆ. ಸರಿಯಾದ ದೂರದಲ್ಲಿ ನಿಲ್ಸಿದ್ರೆ ಅಣ್ಣ ತಂಗಿ ಹಾಗೆ ಮಾತಾಡ್ಕೊಳ್ತವೆ. ನಮ್ಮನೆಯವ್ರ ಗೊರಕೇಲೂ ಎರಡು ಸ್ವರ ಇದೆ, ಅಂತರ ಮಾತ್ರ ಕೆಟ್ಟಿದೆ. ಅರ ಹಾಕೋಣ ಅಂದ್ರೆ ಮೂಗು ಕೊಡಲ್ಲ."

ದಿನಕ್ಕೆ ಇನ್ನೂರೈವತ್ತು ಕರೆಗಂಟೆ, ಹತ್ತೊಂಬತ್ತು ವರ್ಷ. ಎಲ್ಲವನ್ನೂ ಒಟ್ಟಿಗೆ ಒತ್ತಿದರೆ ಚಂದ್ರನ ಮೇಲೆ ಯಾರಾದರೂ ಎದ್ದು ಬಂದು ಬಾಗಿಲು ತೆಗೆಯಬೇಕು. ಆದರೆ ಈಗ ಹಾಡು ಹೇಳುವ, ನಾಯಿಯಂತೆ ಬೊಗಳುವ ಕರೆಗಂಟೆಗಳು ಬಂದಿವೆ. ಆರು ಹೆಂಗಸರಿದ್ದ ಇವಳ ಮೇಜಿನಲ್ಲಿ ಉಳಿದವರು ಮೂವರು. ಇವತ್ತಿನ ಪರೀಕ್ಷೆ ಕೈಕೊಟ್ಟರೆ ಮೇಜೇ ಮುಚ್ಚುತ್ತೇನೆ ಅಂದಿದ್ದಾರೆ ಮಾಲೀಕರು. ನಿದ್ದೆ ಹತ್ತದೆ ಇಷ್ಟು ಬೇಗ ಬಂದು ಕೂತಿದ್ದಾಳೆ.

ಪರೀಕ್ಷೆ ಇರುವುದು ಕಣ್ಣು ಕಾಣದವರ ಹಾಸ್ಟೆಲಿನಲ್ಲಿ. ಉದ್ದನೆಯ ಹಜಾರ, ಆರು ಬಾಗಿಲು, ಆರಕ್ಕೂ ಒಂದೇ ಟಿಂಗ್‌ಟಾಂಗ್. ಒಂದು ಬಾರಿಸಿದರೆ ಆರೂ ಜನ ಗೋಡೆ ತಡವುತ್ತಾ ಎದ್ದು ಬರುತ್ತಿದ್ದರು. ಹೋದ ತಿಂಗಳು ಇಬ್ಬರು ಡಿಕ್ಕಿ ಹೊಡೆದು ಒಬ್ಬರ ಹಲ್ಲೇ ಹೋಯಿತು. ಹಾಡುವ ಕರೆಗಂಟೆ ಹಾಕಿ ನೋಡಿದರೆ, ಆ ಗದ್ದಲದಲ್ಲಿ ಪಕ್ಕದವರ ಹೆಜ್ಜೆಯೇ ಕೇಳಲಿಲ್ಲವಂತೆ. ಎರಡೇ ಸ್ವರದ್ದು ಸಾಕು, ಬಾಗಿಲಿಗೊಂದು ಬೇರೆ ಬೇಕು ಅಂತ ಕೇಳಿದರು.

ಕಿವಿಯಮ್ಮ ಮೊದಲು ಹಿಡಿದದ್ದು ಸುಲಭದ ದಾರಿ. ಅಂತರ ಹಾಗೇ ಇಟ್ಟು, ಒಂದು ಕರೆಗಂಟೆಯನ್ನು ಇಡಿಯಾಗಿ ತಗ್ಗಿಸಿದಳು, ಇನ್ನೊಂದನ್ನು ಏರಿಸಿದಳು. ಸಾಲಾಗಿ ಬಾರಿಸಿದಾಗ ಆರೂ ಬೇರೆ ಬೇರೆ. ಮನೆಗೆ ತಂದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಅತ್ತೆಗೆ ಕೇಳಿಸಿದಳು. ಅತ್ತೆಗೆ ಎಂಬತ್ತೊಂದು, ಕಣ್ಣು ಮಂಜು, ನಾಲಿಗೆ ಮಾತ್ರ ಅರಕ್ಕಿಂತ ಚೂಪು.

"ಎಲ್ಲಾ ಒಂದೇ ಕಣೇ! ಒಂದು ನೆಗಡಿಯಾದೋಳು ಹಾಡಿದ್ದು, ಒಂದು ಕಿರುಚೋಳು ಹಾಡಿದ್ದು. ಹಾಡು ಅದೇ ತಾನೆ?"

"ಸರಿಯಾಗಿ ಕೇಳಿ ಅತ್ತೆ..."

"ಕೇಳಿದ್ದಕ್ಕೇ ಹೇಳ್ತಿರೋದು. ಉಜ್ಜಿ ಉಜ್ಜಿ ನಿನ್ನ ತಲೇನೂ ತೆಳ್ಳಗಾಗಿದೆ."

ಅತ್ತೆ ಬೈದದ್ದು ಸೊಸೆಗೆ ಹಿಡಿಸಿದ್ದು ಲೋಕದಲ್ಲಿ ಅದೇ ಮೊದಲು. ಹೌದಲ್ಲ! ತಗ್ಗಿಸಿ ಹಾಡಿದರೂ ಏರಿಸಿ ಹಾಡಿದರೂ ಹಾಡು ಗುರುತು ಸಿಗುತ್ತದೆ. ಜನ ನೆನಪಿಡುವುದು ಒಂದು ಸ್ವರ ಇನ್ನೊಂದಕ್ಕೆ ಎಷ್ಟು ದೂರ ಹಾರಿತು ಅನ್ನುವುದನ್ನು. ಆರಕ್ಕೂ ಹೊಸ ಪಟ್ಟಿ ಕತ್ತರಿಸಿದಳು. ಈಗ ಆರಕ್ಕೂ ಟಿಂಗ್ ಒಂದೇ. ಟಾಂಗ್ ಮಾತ್ರ ಒಂದರಲ್ಲಿ ಪಕ್ಕದ ಮೆಟ್ಟಿಲಿಗೆ ಇಳಿಯುತ್ತದೆ, ಒಂದರಲ್ಲಿ ಬಾವಿಗೇ ಬೀಳುತ್ತದೆ, ಒಂದರಲ್ಲಿ ಇಳಿಯದೆ ಮೇಲಕ್ಕೆ ನೆಗೆಯುತ್ತದೆ. ನಾಲ್ಕು ದಿನದ ಹಿಂದೆ ಅವನ್ನು ಬಾಗಿಲುಗಳಿಗೆ ಹಾಕಿ, ಯಾರದು ಯಾವುದೆಂದು ಹೇಳಿಕೊಟ್ಟು ಬಂದಿದ್ದಾಳೆ.

ಹತ್ತು ಹೊಡೆಯುವ ಹೊತ್ತಿಗೆ ಮಾಲೀಕರೂ ಹಾಸ್ಟೆಲಿನ ಮೇಲ್ವಿಚಾರಕಿಯೂ ಹಜಾರದಲ್ಲಿ ನಿಂತಿದ್ದಾರೆ. ಬಾಗಿಲೆಲ್ಲ ಮುಚ್ಚಿವೆ. ಮೇಲ್ವಿಚಾರಕಿ ಮನಸ್ಸಿಗೆ ಬಂದ ಗುಂಡಿ ಒತ್ತುತ್ತಾರೆ. ಎರಡನೆಯದು ಒತ್ತಿದರೆ ಎರಡನೆಯದೇ ತೆರೆಯುತ್ತದೆ. ಆರನೆಯದು ಒತ್ತಿದರೆ ಆರನೆಯದು. ಮೂರು, ಒಂದು, ನಾಲ್ಕು, ಎಲ್ಲ ಸರಿ. ಐದನೆಯದನ್ನು ಒತ್ತಿದಾಗ ಯಾರೂ ಬರುವುದಿಲ್ಲ. ಕಿವಿಯಮ್ಮ ಬಾಗಿಲಿಗೆ ಕಿವಿಯಾನಿಸುತ್ತಾಳೆ. ಮೇಲ್ವಿಚಾರಕಿ ಮತ್ತೆ ಒತ್ತುತ್ತಾರೆ.

ಒಳಗಿಂದ ಕೂಗು ಬರುತ್ತದೆ: "ನಂದೇ ಅಂತ ಮೊದಲ್ನೇ ಸಲಾನೇ ಗೊತ್ತಾಯ್ತು ಕಣ್ರೀ! ಮೈಗೆಲ್ಲ ಸೋಪು ಹಚ್ಕೊಂಡಿದ್ದೀನಿ. ಬರ್ಲಾ ಹಾಗೇ?"

ಹಜಾರದ ತುಂಬ ನಗು. ಮಾಲೀಕರು ಕಣ್ಣೊರೆಸಿಕೊಂಡು, "ಸೋಮವಾರದಿಂದ ಮೂವರೂ ಇದನ್ನೇ ಮಾಡಿ," ಅನ್ನುತ್ತಾರೆ.

ಇನ್ನೇನು ಬೇಕಮ್ಮಾ ಅಂತ ಮೇಲ್ವಿಚಾರಕಿ ಕೇಳಿದರೆ, ಕಿವಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾಳೆ: "ಒಂದು ಮಧ್ಯಾಹ್ನ ಈ ಹಜಾರದಲ್ಲಿ ಬಂದು ಸುಮ್ನೆ ಕೂತ್ಕೋಬೇಕು. ಒಂದು ಬೆಲ್ ಆಗ್ಬೇಕು, ಒಬ್ರು ಎದ್ದು ಬರ್ಬೇಕು. ಮಿಕ್ಕ ಐದು ಜನ ಮಗ್ಗುಲೂ ಬದಲಾಯಿಸ್ದೆ ಮಲಗಿರ್ಬೇಕು."