ಅಕ್ಕನ ಸಮುದ್ರದ ಪುಟ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಪುಸ್ತಕಗಳಿಗೂ ರಜೆ ಸಿಗುತ್ತಿತ್ತು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ, ದೇವರ ಮುಂದೆ ಮಣೆಯ ಮೇಲೆ ಪೇರಿಸಿ, ರೇಷ್ಮೆ ವಸ್ತ್ರ ಹೊದಿಸಿ, ಅದನ್ನೇ ಸರಸ್ವತಿಯೆಂದು ಪೂಜೆ ಮಾಡುತ್ತಿದ್ದೆವು. ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಮಾಡಿ ಅವನ್ನು ಎತ್ತುವವರೆಗೆ ಯಾರೂ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ಆ ದಿನಗಳಲ್ಲಿ ನನ್ನಂಥ ದೈವಭಕ್ತ ಇಡೀ ಪುಣೆಯಲ್ಲಿ ಇನ್ನೊಬ್ಬನಿರಲಿಲ್ಲ ಅನ್ನಿ. ಮಗ್ಗಿ ಹೇಳು ಎಂದು ಯಾರಾದರೂ ಅಂದರೆ ಸುಮ್ಮನೆ ದೇವರ ಕಡೆ ಕೈ ತೋರಿಸಿಬಿಡುತ್ತಿದ್ದೆ. ಚುರುಮುರಿ ಕಟ್ಟಿಕೊಟ್ಟ ರದ್ದಿ ಕಾಗದದ ಮೇಲೆ ಅಕ್ಷರ ಕಂಡರೂ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದೆ.

ಆದರೆ ಮಕ್ಕಳೇ, ಇವತ್ತು ನಾನು ಹೇಳುವ ದಸರೆ ನಗುವ ದಸರೆಯಲ್ಲ. ಆಗ ನಾವು ಶಿವಾಜಿನಗರದಲ್ಲಿ, ಸ್ಟೇಶನ್ನಿನ ಹಿಂದಿನ, ಹಲವು ಬಿಡಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಮಾಡಿಕೊಂಡಿದ್ದೆವು. ರೈಲು ಬಂದರೆ ಅಡುಗೆಮನೆಯ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಅಪ್ಪ ಧಾರವಾಡ ಬಿಟ್ಟು ಬಂದು ಇಲ್ಲಿಯ ಕೋರ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ಅಜ್ಜಿ, ಅಕ್ಕ ಮತ್ತು ನಾನು. ನಾನು ಆಗಷ್ಟೇ ಶಾಲೆಗೆ ಸೇರಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಶಾಲೆಯಲ್ಲಿ ನಮ್ಮಿಬ್ಬರದೂ ಮರಾಠಿ, ಮನೆಯೊಳಗೆ ಕನ್ನಡ.

ಅಕ್ಕನಿಗೆ ಪ್ರಶ್ನೆಗಳ ಹುಚ್ಚು. ಹಲ್ಲಿ ಯಾಕೆ ಬೀಳುವುದಿಲ್ಲ, ಹಾಲು ಉಕ್ಕುತ್ತದೆ ನೀರು ಯಾಕೆ ಹಾಗೆ ಉಕ್ಕುವುದಿಲ್ಲ, ಹೀಗೆ ದಿನವೂ ಏನಾದರೊಂದು. ಅವ್ವ ಬೇಸತ್ತು, "ನಿನ್ನ ಬಾಯಿಗೆ ಬೀಗ ಹಾಕ್ತೀನಿ ನೋಡು" ಎನ್ನುತ್ತಿದ್ದಳು. ಅಪ್ಪ ಮಾತ್ರ ಬೇಸರಪಡುತ್ತಿರಲಿಲ್ಲ. ಧಾರವಾಡದ ಸೋದರಮಾವನಿಗೆ ಹೇಳಿ ಅವಳಿಗೋಸ್ಕರ ಒಂದು ದೊಡ್ಡ ಕನ್ನಡ ಪುಸ್ತಕ ತರಿಸಿಕೊಟ್ಟಿದ್ದ. ಲೋಕದಲ್ಲಿರುವುದನ್ನೆಲ್ಲ ಮಕ್ಕಳಿಗೆ ತಿಳಿಸುವ ಪುಸ್ತಕ ಅದು. ಕೆಂಪು ಬಟ್ಟೆಯ ರಟ್ಟು, ಮಣೆಯಷ್ಟು ಭಾರ. ಬಣ್ಣದ ಚಿತ್ರವಿದ್ದ ಕಡೆಯೆಲ್ಲ ಮೇಲೊಂದು ತೆಳ್ಳನೆಯ ಹಾಳೆ ಇರುತ್ತಿತ್ತು. ಅದನ್ನು ಎತ್ತಿದರೆ ಸರ್ ಎಂದು ಸದ್ದಾಗಿ ಶಾಯಿಯ ವಾಸನೆ ಮೂಗಿಗೆ ಬರುತ್ತಿತ್ತು. ಅಕ್ಕ ಕನ್ನಡ ಓದಲು ಕಲಿತದ್ದೇ ಆ ಪುಸ್ತಕದಿಂದ.

ಅಪ್ಪನದೊಂದು ನಿಯಮ. ದಿನಕ್ಕೆ ಒಂದೇ ಪುಟ. "ಉಂಡದ್ದು ಅರಗಬೇಕು, ಓದಿದ್ದೂ ಅರಗಬೇಕು" ಎನ್ನುತ್ತಿದ್ದ. ಸಂಜೆ ಅಪ್ಪ ಕೈಕಾಲು ತೊಳೆದು ಬಂದ ಮೇಲೆ ಇಬ್ಬರೂ ಕಿಟಕಿಯ ಹತ್ತಿರ ಕೂತು ಆ ದಿನದ ಪುಟ ಓದುತ್ತಿದ್ದರು. ಅಕ್ಕ ಮುಂದಿನ ಪುಟವನ್ನು ಒಮ್ಮೆಯೂ ಕದ್ದು ನೋಡಿದವಳಲ್ಲ. ನಾನು ನೋಡಲು ಹೋದರೆ ಕೈ ಮೇಲೆ ಫಟ್ ಎಂದು ಬೀಳುತ್ತಿತ್ತು. ಸಮುದ್ರದ ಪುಟಗಳು ಪುಸ್ತಕದ ಕೊನೆಯಲ್ಲಿದ್ದವು. ಅಕ್ಕ ಕಾಯುತ್ತಿದ್ದದ್ದೇ ಅವಕ್ಕಾಗಿ. ನಮ್ಮ ಮುಠಾ ನದಿಯ ನೀರು ಭೀಮೆಯನ್ನು ಸೇರಿ, ಇಂದಾಪುರದ ಆಚೆಗೆ ಹಾದು, ನಮ್ಮ ಕರ್ನಾಟಕಕ್ಕೆ ಹೋಗಿ ಕೃಷ್ಣೆಯ ಜೊತೆಗೂಡಿ ಸಮುದ್ರಕ್ಕೆ ಬೀಳುತ್ತದೆ ಎಂದು ಅಪ್ಪ ಹೇಳಿದ್ದ. ಅಂದಿನಿಂದ ಅವಳಿಗೆ ಒಂದೇ ಧ್ಯಾನ. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಆ ಮಳೆಗಾಲದಲ್ಲಿ ಅಕ್ಕ ಹೊಸ್ತಿಲು ಎಡವತೊಡಗಿದಳು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ತಾನು ಉಟ್ಟ ಕೆಂಪು ಪರಕರ ಬೂದಿಯ ಬಣ್ಣ ಕಾಣುತ್ತದೆ ಎಂದಳು. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆದದ್ದು ಕಾಣುವುದಿಲ್ಲ ಎಂದಳು. ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ತಮ್ಮಲ್ಲಿ ಔಷಧಿಯಿಲ್ಲ, ಇನ್ನು ಸ್ವಲ್ಪ ದಿನ ಕಂಡರೆ ಕಂಡೀತು ಎಂದು ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ನನಗೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಡಾಕ್ಟರ ಹತ್ತಿರ ಹೋಗಿ ಬಂದ ದಿನ ಸಂಜೆ ಅಪ್ಪ ತನ್ನ ನಿಯಮವನ್ನು ತಾನೇ ಮುರಿಯಲು ನೋಡಿದ. "ಇವತ್ತ ಎಷ್ಟ ಬೇಕಾದಷ್ಟು ಓದು, ಪುಟ್ಟಿ. ಬೇಕಂದ್ರ ಸಮುದ್ರಾನೂ ನೋಡಿಬಿಡು" ಎಂದ. ಅಕ್ಕ ಜಂಬದಿಂದ ತಲೆ ಅಲ್ಲಾಡಿಸಿದಳು. "ಇಷ್ಟ ದಿವಸ ತಡದೀನಿ. ಈಗ್ಯಾಕ ಅವಸರ?" ಅಂದಳು. ಅಪ್ಪ ಆ ದಿನದ ಪುಟವನ್ನಷ್ಟೇ ತೆರೆದುಕೊಟ್ಟ. ದಿನಕ್ಕೊಂದು ಪುಟ ಸಾಗಿತು. ಅಕ್ಕ ಪುಸ್ತಕವನ್ನು ದಿನದಿನಕ್ಕೆ ಮುಖಕ್ಕೆ ಹತ್ತಿರ ಹಿಡಿಯುತ್ತಿದ್ದಳು. ಕೊನೆಗೆ ಒಂದು ಸಂಜೆ ಪುಸ್ತಕ ಮುಚ್ಚಿ, "ನಾಳೆ ಸಮುದ್ರ!" ಎಂದು ಕೂಗಿ ನನ್ನ ಕೈ ಹಿಡಿದು ಕುಣಿದಳು.

ಆ ನಾಳೆಯೇ ಮೂಲಾ ನಕ್ಷತ್ರ. ಬೆಳಕು ಹರಿಯುವ ಮೊದಲೇ ಅಜ್ಜಿ ಮಡಿಯುಟ್ಟು ಪುಸ್ತಕಗಳನ್ನೆಲ್ಲ ದೇವರ ಮುಂದೆ ಪೇರಿಸಿಬಿಟ್ಟಿದ್ದಳು. ಅಪ್ಪನ ಪಂಚಾಂಗ, ನಮ್ಮ ಶಾಲೆಯ ಪುಸ್ತಕಗಳು, ನನ್ನ ಪಾಟಿ, ಎಲ್ಲದರ ಮೇಲೆ ಕೆಂಪು ರಟ್ಟಿನ ಆ ಪುಸ್ತಕ. ಆ ವರ್ಷ ಅಜ್ಜಿ ದೇವಿಗೆ ಹರಕೆ ಹೊತ್ತಿದ್ದಳು. ಅಕ್ಕನ ಕಣ್ಣು ಬರಲಿ ಎಂದು ಒಂದೇ ಹೊತ್ತು ಉಣ್ಣುತ್ತಿದ್ದಳು. ಮೊಮ್ಮಗಳಿಗೆ ಯಾವುದು ಎಲ್ಲಕ್ಕಿಂತ ಪ್ರೀತಿಯೋ ಅದನ್ನೇ ದೇವಿಗೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು.

ಆ ದಿನ ಸಂಜೆ ಅಕ್ಕ ಕಿಟಕಿಯ ಹತ್ತಿರ ಬರೀ ಕೈಯಲ್ಲಿ ಕೂತಿದ್ದಳು. ಮರುದಿನ ಮಧ್ಯಾಹ್ನ ನೋಡಿದರೆ ದೇವರ ಮುಂದೆ ಒಬ್ಬಳೇ ಕೂತಿದ್ದಾಳೆ, ಮುಖ ಪುಸ್ತಕಗಳ ರಾಶಿಗೆ ತಾಗುವಷ್ಟು ಹತ್ತಿರ. ಚೆಂಡುಹೂವಿನ ಘಾಟು, ಊದಿನಕಡ್ಡಿಯ ಹೊಗೆ. ಅಪ್ಪ ಒಳಗೆ ಬಂದ ಸಪ್ಪಳ ಕೇಳಿ ತಿರುಗಿದಳು.

"ಅಪ್ಪಾ, ಒಂದ ಪುಟ ಅಷ್ಟ. ನಾ ಮುಟ್ಟೂದಿಲ್ಲ. ನೀವು ತಗದು ಹಿಡೀರಿ, ನಾ ನೋಡಿಬಿಡ್ತೀನಿ. ಓದೂದೂ ಇಲ್ಲ, ಬರೇ ಚಿತ್ರ."

ಅಪ್ಪನ ಕೈ ವಸ್ತ್ರದ ಅಂಚಿನವರೆಗೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಅವಳು ಸಿಟ್ಟಿನಿಂದ ಏನೂ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ಅಪ್ಪ ಕೇಳುತ್ತಿರಲಿಲ್ಲವೋ ಏನೋ. ಅವಳು ಅಳುವ ದನಿಯಲ್ಲಿ, "ಕೂಸಿನ ಕಣ್ಣಿನ ಸಲುವಾಗೇ ದೇವಿನ್ನ ಕೂಡಿಸೀನಪಾ. ನಡುವ ಎಬ್ಬಿಸಿದ್ರ ಮುಂದ ಯಾರನ್ನ ಬೇಡೂದು?" ಎಂದಳು.

ಅಪ್ಪ ಓದಿದವನು. ಅಂಥದ್ದನ್ನೆಲ್ಲ ಪೂರ್ತಿ ನಂಬುವವನಲ್ಲ. ಆದರೆ ಡಾಕ್ಟರು ಕೈಬಿಟ್ಟ ಮೇಲೆ ಪೂರ್ತಿ ನಂಬದೆ ಇರುವ ಧೈರ್ಯವೂ ಅವನಿಗಿರಲಿಲ್ಲ. ಕೈ ಹಿಂದಕ್ಕೆ ಬಂತು.

"ನಾಡದು ಬೆಳಿಗ್ಗೆ ಎಲ್ಲಾರಕಿಂತ ಮೊದಲ ನಿನ್ನ ಕೈಯಾಗ ಕೊಡ್ತೀನಿ, ಪುಟ್ಟಿ" ಎಂದ.

"ನಾಡದು ನನಗ ಕಾಣತದಲ್ಲ?" ಎಂದು ಅಕ್ಕ ಕೇಳಿದಳು.

ಯಾರೂ ಹೇಳಿರದಿದ್ದರೂ ಅವಳಿಗೆ ಎಲ್ಲ ಗೊತ್ತಿತ್ತು. ಅಪ್ಪ ಅವಳ ತಲೆ ಸವರಿ ಹೊರಗೆ ಹೋದ. ಅಜ್ಜಿ ದೀಪಕ್ಕೆ ಎಣ್ಣೆ ಹಾಕಿದಳು.

ವಿಜಯದಶಮಿ ಬಂತು. ಎಣ್ಣೆಸ್ನಾನ, ಹೋಳಿಗೆಯ ಹೂರಣದ ಪರಿಮಳ, ಬಾಗಿಲಿಗೆ ಮಾವಿನೆಲೆ. ಮಂಗಳಾರತಿ ಆಯಿತು. ಅಪ್ಪ ವಸ್ತ್ರ ತೆಗೆದು, ಕುಂಕುಮ ಒರೆಸಿ, ಆಡಿದ ಮಾತಿನಂತೆ ಮೊದಲು ಆ ಪುಸ್ತಕವನ್ನೇ ಅಕ್ಕನ ಕೈಯಲ್ಲಿಟ್ಟ. ಅವಳು ಅದನ್ನು ಎದೆಗವಚಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂತಳು. ನಾನು ಅಂಟಿಕೊಂಡು ಪಕ್ಕಕ್ಕೆ ಕೂತೆ. ಅವಳು ಹೆಬ್ಬೆರಳಿನಿಂದ ಹಾಳೆಗಳ ದಪ್ಪ ನೋಡಿ ಪುಸ್ತಕ ಬಿಡಿಸಿದಳು. ತೆಳ್ಳನೆಯ ಹಾಳೆಯನ್ನು ಎತ್ತಿದಳು. ಮನೆಯವರೆಲ್ಲ ಸುತ್ತ ನಿಂತಿದ್ದರು. ಅಜ್ಜಿ ಕೈ ಮುಗಿದುಕೊಂಡೇ ಇದ್ದಳು.

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. "ಅಜ್ಜೀ, ಸಮುದ್ರ ಭಾಳ ಚಂದ ಅದ" ಎಂದಳು.

ಅಜ್ಜಿ ಅಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ತಾಯಿ ಕಣ್ಣ ತಗದು ನೋಡಿದ್ಲವಾ" ಎಂದು ದೇವರಿಗೆ ಮತ್ತೆ ಮತ್ತೆ ನಮಸ್ಕಾರ ಮಾಡಿದಳು. ಅವ್ವನೂ ಕಣ್ಣೊರೆಸಿಕೊಂಡಳು.

ನಾನು ಪುಟ ನೋಡಿದೆ. ಅಲ್ಲಿ ಸಮುದ್ರ ಇರಲಿಲ್ಲ. ಹಳದಿ ಮರಳು, ಅದರ ಮೇಲೆ ಸಾಲಾಗಿ ಒಂಟೆಗಳು. ಹೇಳಲೆಂದು ಬಾಯಿ ತೆರೆದೆ. ಅಕ್ಕನ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು. ಅವಳು ಇನ್ನೂ ನಗುತ್ತಲೇ ಇದ್ದಳು. ತಲೆಯೆತ್ತಿದರೆ ನಮ್ಮ ಹಿಂದೆ ಅಪ್ಪ ನಿಂತಿದ್ದ. ಅವನೂ ಒಂಟೆಗಳನ್ನೇ ನೋಡುತ್ತಿದ್ದ.

ಆ ಮಧ್ಯಾಹ್ನ ಹೋಳಿಗೆ ಯಾರಿಗೂ ಸೇರಲಿಲ್ಲ. ಅಜ್ಜಿಯೊಬ್ಬಳೇ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದಳು. ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. "ಸಮುದ್ರ ಹುಡುಕು. ಹುಡುಕಿ ನನಗ ಹೇಳು" ಎಂದಳು. ಹುಡುಕಿದೆ. ಎರಡು ಪುಟ ತುಂಬ ಹರಡಿದ್ದ ಚಿತ್ರ.

"ನೀಲಿ ಅದ" ಎಂದೆ.

"ಎಂಥಾ ನೀಲಿ?"

ನನಗೆ ಗೊತ್ತಿದ್ದದ್ದು ಒಂದೇ ನೀಲಿ. ಎದ್ದು ಓಡಿಹೋಗಿ ಅಪ್ಪನ ಶಾಯಿ ದೌತಿ ನೋಡಿ ಬಂದೆ, ಅದಲ್ಲ. ಕೆಳಗಿನ ಮನೆಯಲ್ಲಿ ನಾವು ಕಾಕು ಎಂದು ಕರೆಯುತ್ತಿದ್ದ ಮರಾಠಿ ಹೆಂಗಸು ಒಣಗಿಸಿದ್ದ ಸೀರೆ ನೋಡಿ ಬಂದೆ, ಅದೂ ಅಲ್ಲ. ಮೇಲಿನ ನೀಲಿ ಒಂದು, ತಳದ ನೀಲಿ ಬೇರೆ ಎಂದಷ್ಟೇ ಹೇಳಲು ಬಂತು. ಮೀನುಗಳಿವೆ ಎಂದೆ. ಎಂಥವು ಎಂದಳು. ದೊಡ್ಡವು, ಸಣ್ಣವು ಎಂದೆ. ಒಂದಕ್ಕೆ ಮೀಸೆ ಇದೆ ಎಂದಾಗ ಅವಳು ನಿಜವಾಗಿ ನಕ್ಕಳು. ಚಿತ್ರದ ಕೆಳಗೆ ಹೆಸರುಗಳಿದ್ದವು. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಅಪ್ಪ ಯಾವಾಗ ಬಂದನೋ, ಕೆಳಗಿನ ಮೆಟ್ಟಿಲ ಮೇಲೆ ಕೂತು ಹೆಸರುಗಳನ್ನು ಓದತೊಡಗಿದ. ತಿಮಿಂಗಿಲ, ಕಡಲಕುದುರೆ, ನಕ್ಷತ್ರಮೀನು. ಅಲ್ಲಿಗೆ ಓದು ನಿಲ್ಲಿಸಿ ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಅಕ್ಕನ ಪಾದ ಹಿಡಿದುಕೊಂಡು, "ದೇವಿ ಏನೂ ಅಂತಿದ್ದಿಲ್ಲ, ಪುಟ್ಟಿ. ಅಂಜಿದಾವರು ನಾವು" ಎಂದ.

"ಅಜ್ಜಿಗೆ ಹೇಳಬ್ಯಾಡ್ರಿ" ಎಂದಳು ಅಕ್ಕ.

ಸಂಜೆ ಎಲ್ಲರೂ ಬನ್ನಿ ಕೊಡಲು ಬಂದರು. ಕಾಕು ಅಕ್ಕನ ಅಂಗೈಯಲ್ಲಿ ಎಲೆ ಇಟ್ಟು, "ಸೋನಂ ಘೇ ಬಾಳಾ, ಸೋನ್ಯಾಸಾರಖೀ ರಾಹಾ" ಎಂದಳು. ಚಿನ್ನ ತಗೋ, ಚಿನ್ನದಂತಿರು ಎಂದು. ಅಪ್ಪನೂ ಬಂದವರಿಗೆಲ್ಲ "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎನ್ನುತ್ತಲೇ ಇದ್ದ. ಅವನ ಮುಖ ನೋಡಲಾಗದೆ ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ಅಕ್ಕನಿಗೆ. ಅವಳು ಕೇಳಿದಾಗಲೇ ಪುಸ್ತಕ ತೆಗೆದಿದ್ದರೆ ಚೆನ್ನಾಗಿ ಕಾಣುತ್ತಿತ್ತೋ ಮಸುಕಾಗಿ ಕಾಣುತ್ತಿತ್ತೋ, ನನಗೆ ಗೊತ್ತಿಲ್ಲ. ಮಸುಕಾದ ಸಮುದ್ರವಾದರೂ ಅದು ಅವಳದೇ ಆಗಿರುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಅಜ್ಜಿಗೆ ನಿಜ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಕುರುಡುತನವನ್ನು ಎಷ್ಟು ದಿನ ಮುಚ್ಚಿಡಲಾದೀತು? ಅಜ್ಜಿ ಆಮೇಲೂ ಪ್ರತಿ ವರ್ಷ ಪೂಜೆ ಮಾಡಿದಳು. ಆದರೆ ದೇವಿಯ ಹತ್ತಿರ ಏನನ್ನೂ ಬೇಡಿದ್ದನ್ನು ನಾನು ಕೇಳಲಿಲ್ಲ.

ಅಕ್ಕ ಮುಂದೆ ಬೆರಳಿನಿಂದ ಓದುವ ಲಿಪಿ ಕಲಿತಳು. ಮುದುಕಿಯಾಗಿ ತೀರಿಕೊಳ್ಳುವವರೆಗೂ ನಮ್ಮ ಜೊತೆಗೇ ಇದ್ದಳು. ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ಅವಳ ಸಲುವಾಗಿ ನಾನು ಕನ್ನಡ ಓದಲು ಕಲಿತೆ, ಆ ಇಡೀ ಪುಸ್ತಕವನ್ನು ಎಷ್ಟೋ ಸಲ ಓದಿ ಹೇಳಿದೆ. ಅಕ್ಷರಗಳೆಲ್ಲ ಅವಳಿಗೆ ದಕ್ಕಿದವು. ಚಿತ್ರ ದಕ್ಕಲಿಲ್ಲ.

ಈಗ ನಮ್ಮ ಧನಕವಡಿಯ ಮನೆಯಲ್ಲಿ ನಿಮ್ಮ ಪುಸ್ತಕಗಳಿಗೆ ಕಪಾಟು ಸಾಲದು. ಪುಟ ತೆರೆದರೆ ಎದ್ದು ನಿಲ್ಲುವ ಆನೆಗಳಿವೆ. ಪೆನ್ನು ತಾಗಿಸಿದರೆ ಊರಿನ ಹೆಸರು ಹೇಳುವ ಭೂಗೋಳವಿದೆ. ಟ್ಯಾಬಿನಲ್ಲಿ ತಿಮಿಂಗಿಲ ಹಾಡುವುದನ್ನೂ ನೀವು ನನಗೆ ಕೇಳಿಸಿದ್ದೀರಿ. ಕಣ್ಣಿಲ್ಲದವರಿಗೆ ತಾವೇ ಓದಿ ಹೇಳುವ ಪುಸ್ತಕಗಳು ಬಂದಿವೆ. ಸರಸ್ವತಿ ಪೂಜೆಗೆ ನೀವು ಹುಡುಕಿ ಹುಡುಕಿ ಗಣಿತದ ಪುಸ್ತಕವನ್ನೇ ತಂದಿಡುವುದೂ ನನಗೆ ಗೊತ್ತು, ಕಳ್ಳರಾ! ಇಡಿ, ಬೇಡವೆನ್ನುವುದಿಲ್ಲ. ಆದರೆ ಏನನ್ನಾದರೂ ನೋಡಬೇಕೆಂದು ಮನಸ್ಸಾದರೆ ಯಾವ ಹಬ್ಬಕ್ಕೂ ಕಾಯಬೇಡಿ. ವಸ್ತ್ರ ಸರಿಸಿ ತೆಗೆದುಕೊಳ್ಳಿ. ಯಾರಾದರೂ ಕೇಳಿದರೆ ಅಜ್ಜ ಹೇಳಿದ್ದಾನೆ ಎನ್ನಿ.

ನಿಮಗೆ ಒಂದು ಸಮುದ್ರ ಸಾಲದಿದ್ದರೆ ಬೆರಳು ಸರಿಸಿ ಇನ್ನೊಂದನ್ನು ನೋಡುತ್ತೀರಿ. ನಮ್ಮ ಅಕ್ಕನಿಗೆ ಇದ್ದದ್ದು ಒಂದೇ ಸಮುದ್ರ. ಅವಳು ಕಣ್ಮುಚ್ಚುವವರೆಗೂ ಅದರಲ್ಲಿ ನಾನು ಹೇಳಿದ ಮೀನುಗಳಷ್ಟೇ ಇದ್ದವು.