ಗಿರಿಜಾಳ ಮೌಸ್ ಹಿಡಿದ ಕೈ

ಗೆಳೆಯರೇ, ಇವತ್ತು ನಮ್ಮ ವಿಶ್ವವಿದ್ಯಾಲಯದ ಸಿಬ್ಬಂದಿಗೆ ಆನ್‌ಲೈನ್ ಕಂಪ್ಯೂಟರ್ ತರಬೇತಿ ಇತ್ತು. ಎಲ್ಲರೂ ಮನೆಯಿಂದಲೇ ಸೇರಿದ್ದೆವು. ಎಕ್ಸೆಲ್‌ನಲ್ಲಿ ಕೊಟ್ಟ ಕೆಲಸವನ್ನು ಚಿತ್ತವಾಡ್ಗಿಯ ಗಿರಿಜಾ ಎಲ್ಲರಿಗಿಂತ ಮೊದಲು ಮುಗಿಸಿದಳು. ಕಲಿಸುವ ಸರ್ ಅವಳನ್ನು ಹೊಗಳುತ್ತಿದ್ದಾಗಲೇ ಅವಳ ಹೆಗಲ ಮೇಲಿಂದ ಒಂದು ಕೈ ಬಂದು ಮೌಸ್ ಕಸಿದುಕೊಂಡಿತು. ಅವಳ ಗಂಡ.

“ಸೇವ್ ಮಾಡಲೇ ಮೊದ್ಲು! ಎಷ್ಟು ಸಲ ಹೇಳ್ಬೇಕು ನಿಂಗ?”

ಎಲ್ಲರೂ ನಕ್ಕರು. “ಸರ್ಟಿಫಿಕೇಟ್ ಯಜಮಾನ್ರ ಹೆಸರಿಗೇ ಕೊಡ್ಲೇನ್ರಿ ಮೇಡಂ?” ಎಂದರು ಸರ್.

ನನಗೆ ನಗು ಬರಲಿಲ್ಲ. ನನ್ನವರು ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಆ ಕೈ ನೋಡಿ ಹೊಟ್ಟೆ ಉರಿದುಹೋಯಿತು.

“ಯಾರ ಸಹಾಯನೂ ತಗೋಬಾರದು ಅಂತ ನೀವೇ ಹೇಳಿದ್ರಲ್ರೀ ಸರ್” ಎಂದುಬಿಟ್ಟೆ.

ಗಿರಿಜಾ ಎಲ್ಲರೆದುರು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ತರಬೇತಿ ಮುಗಿದ ಮೇಲೆ ಫೋನ್ ಮಾಡಿದಳು.

“ನಿಮಗೇನು ಸಿಕ್ತಕ್ಕಾ ಇದರಾಗ?”

ಸಿಕ್ಕಿದ್ದು ಶಹಬ್ಬಾಸ್. “ಪಕ್ಕದಾಗ ಯಾರೂ ಇಲ್ದ ಮಾಡ್ಯಾರ ನೋಡ್ರಿ, ಭಾಳ ಚಲೋ” ಎಂದು ಸರ್ ನನ್ನನ್ನು ಎಲ್ಲರಿಗೂ ತೋರಿಸಿದ್ದರು.

ಆ ಶಹಬ್ಬಾಸ್ ಗಿರಿಜಾಳೇ ಇಟ್ಟುಕೊಳ್ಳಲಿ. ಅವಳಿಗೆ ಬಿದ್ದ ಬೈಗುಳವನ್ನು ಇತ್ತ ಕಳಿಸಿದರೆ ಸಾಕು.